ಕೌದಿಯ ಹರಿದ ಮೂಲೆ

ಹೊಸ ಫ್ಲ್ಯಾಟಿನ ಕಪಾಟಿನಿಂದ ಕೌದಿಯನ್ನು ಇಳಿಸಿ ಗಂಟು ಬಿಚ್ಚಿದಾಗ, ನುಸಿಗುಳಿಗೆ, ಸೀಮೆಎಣ್ಣೆ, ಹಳೆಯ ನೂಲು ಬೆರೆತ ವಾಸನೆಯೊಂದು ಮೆಲ್ಲನೆ ಮೇಲೆದ್ದಿತು. ಓದುಗರೇ, ನಿಮ್ಮ ಮನೆಯಲ್ಲೂ ಇಂಥ ವಾಸನೆಯೊಂದು ಎಲ್ಲಿಯೋ ಮಡಿಚಿಕೊಂಡು ಮಲಗಿರಬಹುದು. ನನಗಂತೂ ಅದರೊಳಗಿಂದ ಬೈಕುಲ್ಲಾದ ನಮ್ಮ ಸಾಲುಕೋಣೆಗಳ ಚಾಳು, ಎಲ್ಲ ಕೋಣೆಗಳ ಮುಂದೆ ಹಾದ ಅದರ ಉದ್ದನೆಯ ಮರದ ಗ್ಯಾಲರಿ ತೆರೆದುಕೊಂಡವು. ವಿಜಯಪುರದ ಕಡೆಯಿಂದ ಬಂದ ನಮ್ಮ ಕುಟುಂಬಕ್ಕೆ ಅಲ್ಲಿದ್ದದ್ದು ಒಂದೇ ಖೋಲಿ. ಆದ್ದರಿಂದ ಅಪ್ಪನ ತಂಗಿ ಗಿರಿಜತ್ತಿ ತನ್ನ ಕಾಲೇಜಿನ ಜೀವಶಾಸ್ತ್ರವನ್ನು ಗ್ಯಾಲರಿಯಲ್ಲಿ ಕುಳಿತು ಗಟ್ಟಿಯಾಗಿ ಓದುತ್ತಿದ್ದಳು. ಪಕ್ಕದಲ್ಲಿ ನನ್ನ ಅಜ್ಜಿ, ನಮ್ಮೆಲ್ಲರ ಆಯಿ, ಕಾಲು ಚಾಚಿ ಕೌದಿ ಹೊಲಿಯುತ್ತಿದ್ದಳು. ಆಯಿಯ ಕೌದಿಗೊಂದು ನೇಮವಿತ್ತು: ಒಡಲಿಗೆ ನಮ್ಮ ಹಳೆಯ ಬಟ್ಟೆಯಾದರೂ ಮೂಲೆಗಳಿಗೆ ನೆರೆಮನೆಯ ಬಟ್ಟೆಯೇ ಬೇಕು. ಕೊನೆಯ ಮೂಲೆಯನ್ನು ಮುಚ್ಚುವ ಮುನ್ನ ಒಳಗೊಂದು ರೊಟ್ಟಿಯ ಚೂರನ್ನಿಡುತ್ತಿದ್ದಳು. ಹಸಿದ ಕೌದಿ ಮೈಯನ್ನು ಬೆಚ್ಚಗಿಡುವುದಿಲ್ಲವಂತೆ.

ನಮ್ಮ ದೇಹವೆಲ್ಲ ನಾಲ್ಕೇ ಮೂಲ ಅಂಗಾಂಶಗಳಿಂದಾಗಿದೆ ಎಂಬುದು ನನಗೆ ಮೊದಲು ತಿಳಿದದ್ದು ಆ ಸೂಜಿಯ ಬದಿಯಲ್ಲಿ. ಹೊದಿಕೆಯಾಗಿ ಕಾಯುವ ಅನುಲೇಪಕ, ಹಿಡಿದಿಡುವ ಸಂಯೋಜಕ, ಕುಗ್ಗಿ ಹಿಗ್ಗುವ ಸ್ನಾಯು, ಸುದ್ದಿಯೊಯ್ಯುವ ನರ.

"ಕೈಕಾಲಿನ ಸ್ನಾಯು ನಾವ್ ಹೇಳಿದಂಗ ಕೇಳತಾವ. ಕರಳಿಂದು ಕೇಳೂದಿಲ್ಲ. ಎದಿಯಾಗಿಂದಂತೂ ಯಾರ ಮಾತೂ ಕೇಳೂದಿಲ್ಲ, ದಣಿಯೂದೂ ಇಲ್ಲ," ಎಂದಳು ಅತ್ತಿ.

"ನಿಮ್ಮಪ್ಪ ಅರ್ಧಾ ಎದಿ ಆದ ಬಿಡು. ಮಾತಂತೂ ಕೇಳೂದಿಲ್ಲ, ದಣಿಯೂದು ಮಾತ್ರ ಮುಂಜಾನಿಂದನ ಚಾಲೂ," ಎಂದು ಅಜ್ಜನನ್ನು ಆಡಿಕೊಂಡು ಆಯಿ ಹಲ್ಲಿನಿಂದ ದಾರ ಕಡಿದಳು. ಸವೆದ ಸೀರೆಯ ತುಂಡು ಕೊಡಲು ಬಂದಿದ್ದ ಪಕ್ಕದ ಖೋಲಿಯ ಮರಾಠಿ ಮಾವಶಿ, ಭಾಷೆ ಪೂರ್ತಿ ತಿಳಿಯದಿದ್ದರೂ ಎಲ್ಲರಿಗಿಂತ ಹೆಚ್ಚು ನಕ್ಕಳು.

ರಕ್ತವೂ ಸಂಯೋಜಕ ಅಂಗಾಂಶವೇ ಎಂದು ಅತ್ತಿ ಹೇಳಿದಾಗ ಆಯಿ ಒಪ್ಪಲಿಲ್ಲ. "ಹರದ ಹೋಗೂದು ಹ್ಯಾಂಗ ಜೋಡಸ್ತದ, ಖೋಡಿ?"

"ಹರಿತದಂತನ ಜೋಡಸ್ತದ, ಅವ್ವಾ. ಚರ್ಮದ ಮ್ಯಾಲಿನ ಪದರದಾಗ ಕೋಶ ಒಂದಕ್ಕೊಂದು ಅಂಟ್ಕೊಂಡಿರತಾವ, ನಡುವ ಜಾಗಾನ ಇರೂದಿಲ್ಲ. ಇದರಾಗ ಕೋಶ ದೂರ ದೂರ. ನಡುವ ಏನ್ ಇರತದಲ್ಲ, ಅದ ಎಲ್ಲಾ ಹಿಡದಿಡೂದು."

ಆ ಮಾತನ್ನು ನಾನು ಮರೆಯಲಿಲ್ಲ. ಎಷ್ಟೋ ವರ್ಷಗಳ ಮೇಲೆ ಚಾಳನ್ನು ಕೆಡವಿ, ನಮಗೆಲ್ಲ ಫ್ಲ್ಯಾಟು ಕೊಡುವ ಟವರ್ ಕಟ್ಟುವ ನಿರ್ಧಾರವಾದಾಗ, ಪ್ರತಿ ಮಹಡಿಯಲ್ಲೂ ಎಲ್ಲರಿಗೂ ಸೇರಿದ ಗ್ಯಾಲರಿಯೊಂದು ಉಳಿಯಬೇಕೆಂಬುದಷ್ಟೇ ನನ್ನ ಬೇಡಿಕೆಯಾಗಿತ್ತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತ ಕ್ರಮವನ್ನೆಲ್ಲ ಒಗ್ಗೂಡಿಸಿ, ಮನೆ ಮನೆಗೆ ನಡೆದು, ಕಡೆಗೆ ಸಭೆಯಲ್ಲಿ ನಿಂತು ಹೇಳಿದೆ: ಒತ್ತೊತ್ತಾಗಿ ಜೋಡಿಸಿದ ಮಾತ್ರಕ್ಕೆ ಮನೆಗಳು ಒಂದಾಗುವುದಿಲ್ಲ, ಅವುಗಳ ನಡುವೆ ನಾವು ಏನನ್ನು ಉಳಿಸುತ್ತೇವೆ ಎಂಬುದೇ ಪ್ರಶ್ನೆ. ಕೆಳಮಹಡಿಯ ತರುಣನೊಬ್ಬ ವಿನಯದಿಂದಲೇ ಎದ್ದ. "ಅಂಕಲ್, ಭಾಷಣ ಏಕ್‌ದಮ್ ಬಢಿಯಾ. ಲೇಕಿನ್ ಗ್ಯಾಲರಿ ತೆಗೆದ್ರೆ ಬೆಡ್‌ರೂಮ್ ದೊಡ್ಡದು ಆಗ್ತದೆ ನಾ?" ಕೈಗಳು ಬೆಡ್‌ರೂಮಿನ ಪರವಾಗಿ ಎದ್ದವು. ಒಂದೇ ಖೋಲಿಯಲ್ಲಿ ಮಗ್ಗುಲು ಬದಲಿಸಲೂ ಜಾಗವಿಲ್ಲದೆ ಬೆಳೆದವರ ಆ ಆಸೆ ಅನ್ಯಾಯದ್ದೇನೂ ಆಗಿರಲಿಲ್ಲ.

ಆಯಿ ಇಲ್ಲ, ಮಾವಶಿ ಇಲ್ಲ. ವಿಕ್ರೋಳಿಯ ಪ್ರಯೋಗಾಲಯದಲ್ಲಿ ಕಣ್ಣು ಸವೆಸಿದ ಗಿರಿಜತ್ತಿಯೂ ಹೋದಳು. ಬಿಚ್ಚಿದ ಕೌದಿಯ ಒಂದು ಮೂಲೆ ಹರಿದಿತ್ತು. ಕೊಡವಿದರೆ ಆಯಿಯ ರೊಟ್ಟಿ ಅಂಗೈ ಮೇಲೆ ಚಿಟಿಕೆ ಹುಡಿಯಾಗಿ ಬಿತ್ತು. ಹೊಲಿಯೋಣವೆಂದು ಸೂಜಿ ಪೋಣಿಸಿದೆ, ಒಳಗಿಡಲು ರೊಟ್ಟಿಯ ಚೂರನ್ನೂ ಮುರಿದುಕೊಂಡೆ. ಮೂಲೆಗೆ ನೆರೆಮನೆಯ ಬಟ್ಟೆ ಬೇಕಲ್ಲ. ಬಾಗಿಲು ತೆರೆದು ಹೊರಬಂದೆ. ಲಿಫ್ಟಿನ ಮುಂದೆ, ಒಂದರ ಗೋಡೆಗೊಂದು ಅಂಟಿದ ಮುಚ್ಚಿದ ಬಾಗಿಲುಗಳು. ಚಾಳಿನ ಹಳಬರು ಮಾರಿಕೊಂಡು ಹೋದ ಮೇಲೆ ಬಂದ ಒಳಗಿನವರ ಹೆಸರು ನನಗೆ ಗೊತ್ತಿಲ್ಲ. ಯಾರ ಬೆಲ್ ಒತ್ತಿ, ನಿಮ್ಮ ಹಳೆಯ ಸೀರೆಯೊಂದಿದೆಯೇ ಎಂದು ಕೇಳಲಿ? ಒಳಗೆ ಬಂದೆ. ಸೂಜಿಯನ್ನು ಕೌದಿಯಲ್ಲೇ ಚುಚ್ಚಿಟ್ಟೆ. ಮೂಲೆ ಇನ್ನೂ ತೆರೆದೇ ಇದೆ.