ಒಣ ರೊಟ್ಟಿ ಹಸಿ ಕಸ

ಮಹಾರಾಷ್ಟ್ರದ ಉಮರ್ಗಾದಾಗ ನಿವೃತ್ತರಿಗಂತ ಕಟ್ಟಿದ ಕಾಲೊನಿಗೆ ನಾವು ಗಂಡ ಹೆಂಡ್ತಿ ಬಂದು ಮೂರು ದಿನ ಆಗಿತ್ತು. ಗೇಟಿಗೆ ಮರಾಠಿಯೊಳಗ ನಿಯಮ ಬರದಿದ್ರು: ಓಲಾ ಕಚರಾ ಹಸಿರು ಡಬ್ಬಿಗೆ, ಸುಕಾ ಕಚರಾ ನೀಲಿ ಡಬ್ಬಿಗೆ. ಕಚರಾ ಅಂದ್ರ ಕಸ, ಓಲಾ ಅಂದ್ರ ಹಸಿ, ಸುಕಾ ಅಂದ್ರ ಒಣಾ. ಮೂವತ್ತು ವರ್ಷ ಮಾಸ್ತರಕಿ ಮಾಡಿದವನಿಗೆ ಇದೇನು ದೊಡ್ಡದು ಅಂತ ನಾನೇ ಡಬ್ಬಿ ತುಂಬಿದೆ.

ಮುಂಜಾನೆ ಕಸದ ಗಾಡಿ ತಂದ ಶಾಂತಾಬಾಯಿ ಎರಡೂ ಡಬ್ಬಿ ಇಣಿಕಿ ನೋಡಿ ಹೊಳ್ಳಿ ಕೊಟ್ಟಳು.

"ಗುರೂಜಿ, ಹಾಲಿನ ಪಾಕೀಟು ಓಲಾದಾಗ ಯಾಕ ಹಾಕೀರಿ?"

"ಈಗರೆ ತೊಳದೀನವಾ, ಇನ್ನಾ ಹಸಿ ಅದ."

"ಮತ್ತ ಸುಕಾದಾಗ ರೊಟ್ಟಿ?"

"ಮೊನ್ನೀದು. ಕಲ್ಲಿನಂಗ ಒಣಗೇದ."

"ಕೊಳಿಯೋದೆಲ್ಲಾ ಓಲಾ, ಕೊಳೀಲಾರದ್ದು ಸುಕಾ. ನೀರಿಗೂ ಇದಕ್ಕೂ ಸಂಬಂಧ ಇಲ್ರೀ. ಬ್ಯಾರೆ ಮಾಡಿದ್ರಷ್ಟೇ ಒಯ್ತೀನಿ."

ಬಾಗಿಲದಾಗ ನಿಂತ ನೆರೆಯವರು ನಕ್ಕರು. ನಾ ಅಲ್ಲೇ ಕುಂತು ರೊಟ್ಟಿ, ಪಾಕೀಟು ಅದಲಬದಲ ಮಾಡಿ ಕೊಟ್ಟೆ. ಕಿವಿ ಬಿಸಿ ಆಗಿದ್ವು.

ಮುಂದಿನ ವಾರ ಎದುರು ಮನಿಗೆ ಬಂದ ನಿವೃತ್ತ ಇಂಜಿನಿಯರು ಬಾಡಿ ಒಣಗಿದ ಹೂವಿನ ಹಾರ ನೀಲಿ ಡಬ್ಬಿಗೆ ಹಾಕಿದ್ರು. ಶಾಂತಾಬಾಯಿ ನನ್ನ ಕರದು, "ಗುರೂಜಿ, ಇವರಿಗಿ ನೀವೇ ತಿಳಿಸಿ ಹೇಳ್ರಿ, ನನಗ ಟೈಮಿಲ್ಲ," ಅಂದಳು.

ನಿವೃತ್ತಿ ಆದಮ್ಯಾಲ ನನಗ ಸಿಕ್ಕ ಮೊದಲ ಬಡ್ತಿ ಅದು.