ಪಟ್ಟೆ ಜರಿಯ ಊರು ಯಾವುದು

ಬೇಸಿಗೆ ರಜೆ ಎಂದರೆ ಗಂಟು ಕಟ್ಟಿಕೊಂಡು ನೆಂಟರ ಮನೆಗೆ ಹೊರಡುವುದು ಎಂದೇ ನಾವೆಲ್ಲ ತಿಳಿದಿದ್ದ ಕಾಲ ಅದು. ಕಾಮಗೆರೆಯಿಂದ ನಾನು ಹೊರಡಬೇಕಿದ್ದದ್ದು ಪಾಲಾರಿನ ಚಿಕ್ಕವ್ವನ ಮನೆಗೆ. ಅಲ್ಲಿ ಹೊಳೆ, ಹೊಳೆಯಲ್ಲಿ ಮೀನು, ಚಿಕ್ಕವ್ವನ ಕೈಯ ಮೀನುಸಾರು. ಅಡ್ಡ ನಿಂತವಳು ಅಜ್ಜಿ. ಹಿಂದೊಮ್ಮೆ ಅಲ್ಲಿ ಅವಳ ಹಾಸಿಗೆಯಲ್ಲಿ ಗೇಣುದ್ದದ ಜರಿಹುಳ ಸಿಕ್ಕಿತ್ತು. ಮೈತುಂಬ ಕಪ್ಪು, ಕಿತ್ತಳೆ ಪಟ್ಟೆ.

“ನಮ್ಮೂರ್ ಜರಿ ಕೆಂಚಗಿರ್ತವೆ, ಕಚ್ಚುದ್ರೆ ಒಂದಿನ ಉರೀತದೆ ಅಷ್ಟೆಯ. ಪಟ್ಟೇದು ಆ ಕಡೇದು. ನೀ ಓಗ್ಬ್ಯಾಡ ಕಣಮ್ಮಿ.”

ನನಗಾಗ ಹತ್ತು ವರ್ಷ. ಆದರೂ ಸಂತೆಯಲ್ಲಿ ಬದನೆಕಾಯಿ ಚೌಕಾಸಿಗೆ ಅವ್ವ ನನ್ನನ್ನೇ ಮುಂದೆ ಬಿಡುತ್ತಿದ್ದಳು. ಅಳುವುದು ದಡ್ಡರ ಕೆಲಸ. ಮೊದಲು ಎದುರಿನವರಿಂದ ಒಂದು ಮಾತು ತೆಗೆದುಕೊಳ್ಳಬೇಕು.

“ಪಟ್ಟೇದು ನಮ್ಮೂರಲ್ಲೇ ಸಿಕ್ಬುಟ್ರೆ?”

“ಸಿಕ್ಕುದ್ರೆ ಓಗು. ನಾನ್ಯಾಕೆ ತಡೀಲಿ.”

ನಾಲ್ಕು ದಿನ ಕಲ್ಲು ಮಗುಚಿದೆ. ತಿಪ್ಪೆ, ಹುಲ್ಲಿನ ಮೆದೆ, ಬೇಲಿಯ ಬುಡ. ಸಿಕ್ಕವೆಲ್ಲ ಕೆಂಚು. ಅಜ್ಜಿ ಜಗಲಿಯಲ್ಲಿ ಎಲೆ ಅಡಿಕೆ ಮೆಲ್ಲುತ್ತ, “ಪಾಲಾರ್ಗೆ ಕಾಗ್ದ ಬರ್ದು ಪಟ್ಟೇದ್ನ ಕರುಸ್ಕೊ” ಎನ್ನುತ್ತಿದ್ದಳು.

ಬೆಟ್ಟದಿಂದ ಜೇನು ತರುತ್ತಿದ್ದ ಸೋಲಿಗರ ಮಾದಯ್ಯನನ್ನು ಕೇಳಿದೆ.

“ಅದ್ಕೆ ಊರು ಗಡಿ ಏನ್ ಗೊತ್ತು ಕೂಸು? ತಣ್ಣಗಿರೋ ಕಡೆ ಇರ್ತದೆ. ನಿಮ್ಮನೇಲಿ ಯಾವಾಗ್ಲೂ ಒದ್ದೆ ಇರೋ ಜಾಗ ನೋಡು.”

ನೋಡಿದೆ. ಬಚ್ಚಲಲ್ಲಿ, ಅಜ್ಜಿ ದಿನಾ ಕುಳಿತು ಮೀಯುತ್ತಿದ್ದ ಕಲ್ಲಿನ ಕೆಳಗೆ, ಸೀಗೆಪುಡಿಯ ವಾಸನೆಯ ನಡುವೆ ಅದು ಮಲಗಿತ್ತು. ಕಪ್ಪು, ಕಿತ್ತಳೆ, ಕಪ್ಪು, ಕಿತ್ತಳೆ. ಅಜ್ಜಿಯನ್ನು ಕರೆದು ತೋರಿಸಿದೆ. ಅವಳು ಸೀರೆಯ ನೆರಿಗೆ ಎತ್ತಿ ಹಿಡಿದು ಎರಡು ಹೆಜ್ಜೆ ಹಿಂದೆ ಸರಿದಳು. ಇಷ್ಟು ವರ್ಷ ಯಾವುದರ ಮೇಲೆ ಕೂತಿದ್ದೆನೆಂದು ಯೋಚಿಸುತ್ತಿದ್ದಳೇನೋ.

“ಮಾತು ಕೊಟ್ಟಿವ್ನಿ, ಓಗು,” ಎಂದಳು ಕೊನೆಗೆ. “ಇರು, ನನ್ ಸೀರೆನೂ ಗಂಟ್ಗಾಕು. ಇಲ್ಲಿ ಇನ್ಯಾರ್ ಮೀಯ್ತಾರೆ?”

ತಿಂಗಳು ಪೂರ್ತಿ ಅಜ್ಜಿ ಪಾಲಾರಿನಲ್ಲಿದ್ದಳು. ನಾನು ಹೊಳೆಗೆ ಕಾಲಿಟ್ಟಾಗಲೆಲ್ಲ ದಡದಿಂದ ಕೂಗುತ್ತಿದ್ದಳು. ಆದ್ದರಿಂದ ನಿಮಗೊಂದು ಮಾತು: ವ್ಯಾಪಾರದಲ್ಲಿ ಬೇಕಾದಷ್ಟನ್ನು ಮಾತ್ರ ಸಾಬೀತು ಮಾಡಿ. ಜರಿಯನ್ನು ಡಬ್ಬಿಗೆ ಹಾಕಿ, ತಿಪ್ಪೆಯಲ್ಲಿ ಸಿಕ್ಕಿತೆಂದಿದ್ದರೆ ನನಗೆ ಸಾಕಿತ್ತು.

ಈಗ ಮಗಳ ಫೋನಿಗೆ ಜರಿಯ ಫೋಟೊ ತೋರಿಸಿದರೆ ಹೆಸರೂ ಬರುತ್ತದೆ, ನಕ್ಷೆಯೂ ಬರುತ್ತದೆ. ದಕ್ಷಿಣ ಭಾರತ, ಶ್ರೀಲಂಕಾ. ಕಾಮಗೆರೆ, ಪಾಲಾರ್ ಎರಡೂ ಅದರೊಳಗೇ. ನಾನು ನಾಲ್ಕು ದಿನ ಹುಡುಕಿದ್ದು ನಾಲ್ಕು ಕ್ಷಣದಲ್ಲಿ ಸಾಬೀತಾಗುತ್ತದೆ. ಪಾಲಾರಿಗೆ ಹೋಗಲು ನನಗೀಗ ಯಾರ ಅಪ್ಪಣೆಯೂ ಬೇಡ. ಹೋಗಬೇಡ ಎನ್ನುವವಳೂ ಇಲ್ಲ, ಬಾ ಎನ್ನುವ ಚಿಕ್ಕವ್ವನೂ ಇಲ್ಲ. ಹೋಗಿ ಎಷ್ಟೋ ವರ್ಷವಾಯಿತು.