ಗಾದಿಯವರ ಕರಿ ಕಾಯಿಗಳು

ಅವರ ಹುಬ್ಬಿನಲ್ಲಿ ಸದಾ ಹತ್ತಿ ಇರುತ್ತಿತ್ತು. ಹುಬ್ಬು, ಕಿವಿಯ ಅಂಚು, ಮುಂಗೈಯ ಕೂದಲು, ಎಲ್ಲ ಕಡೆ ಬಿಳಿಯ ಎಳೆ. ಚದುರಂಗದ ಕಾಯಿ ಎತ್ತುವ ಮೊದಲು ಹುಬ್ಬಿನಿಂದ ಒಂದು ಎಳೆ ಕಿತ್ತು ಊದಿಬಿಡುವರು. ಅದು ನೆಲಕ್ಕೆ ಇಳಿಯುವಷ್ಟರಲ್ಲಿ ಅವರ ನಡೆ ತೀರ್ಮಾನವಾಗಿರುತ್ತಿತ್ತು. ಅವರ ಬಗ್ಗೆ ಬರೆಯಲು ಕುಳಿತಾಗಲೆಲ್ಲ ಇಷ್ಟು ಬರೆದು ಎದ್ದುಬಿಡುತ್ತಿದ್ದೆ. ಮುಂದಿನದನ್ನು ಹೇಳುವುದು ನನಗೆ ಬೇಕಿರಲಿಲ್ಲ. ಈಗ ಮುಂದೂಡುವ ವಯಸ್ಸಲ್ಲ.

ಹರಿಹರದಲ್ಲಿ ಅವರದು ಗಾದಿ ಅಂಗಡಿ. ಹತ್ತಿ ಹಿಂಜುವುದು, ಗಾದಿ ತಲೆದಿಂಬು ಹೊಲಿಯುವುದು ಮನೆತನದ ಕಸುಬು. ಊರಿನವರಿಗೆ ಅವರು ಗಾದಿಯವರು, ನನಗೆ ಭಾಯ್. ನಾನು ಹೈಸ್ಕೂಲು ಮುಗಿಸಿ ಕಾರ್ಖಾನೆ ಸೇರಿ ಫಿಟರ್ ಆಗಿ ನಿವೃತ್ತನಾದವನು. ಭಾನುವಾರ ಮಧ್ಯಾಹ್ನ ಅಂಗಡಿಯಲ್ಲಿ ಅರ್ಧ ತುಂಬಿದ ಗಾದಿಯ ಮೇಲೆ ಎದುರುಬದುರು ಕುಳಿತು ಆಡುತ್ತಿದ್ದೆವು. ಗಾದಿ ಬಟ್ಟೆಯ ತುಂಡುಗಳನ್ನು ಜೋಡಿಸಿ ಅವರೇ ಹೊಲಿದ ಚದುರಂಗದ ಹಾಸು. ಬಿಳಿ ಕಾಯಿ ಯಾವಾಗಲೂ ನನಗೆ.

"ಬಿಳಿ ನನ್ನ ಮೈಮ್ಯಾಲೆ ಬೇಕಾದಷ್ಟು ಐತೆ ಫಿಟರ್ರೆ. ಕರಿ ಇಲ್ಲಿ ತರ್ರಿ," ಎನ್ನುವರು.

ಆಟ ಕಲಿಸಿದ್ದು ಸಾರಥಿ ಎಂಬ ಹಳ್ಳಿಯಲ್ಲಿದ್ದ ಅವರ ಅಜ್ಜ. ಅವರು 'ದಾದಾ' ಎನ್ನುತ್ತಿದ್ದರು. ದಾದಾನದು ಹಳೆಯ ಊರಾಟ. ಅದರಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಹೋಗಬೇಕು. ಈಗಿನಂತೆ ಆನೆಯ ಜೊತೆ ಸೇರಿ ಕೋಟೆ ಕಟ್ಟಲು ರಾಜನಿಗೆ ಅವಕಾಶವಿಲ್ಲ. ಬದಲಿಗೆ ಆಟದಲ್ಲಿ ಒಂದು ಸಲ ರಾಜ ಕುದುರೆಯ ಹಾಗೆ ನೆಗೆದು ಜಾಗ ಬದಲಿಸಬಹುದು. ಆದರೆ ಅಷ್ಟರೊಳಗೆ ಚೆಕ್ ಬಿದ್ದರೆ ನೆಗೆತ ಕಳೆದುಕೊಂಡ ಹಾಗೆ. ಹಾಗಾಗಿ ಚೆಕ್ ಬರುವ ಸೂಚನೆ ಕಂಡರೆ ಸಾಕು, ಹಳೆಯ ಆಟಗಾರರು ರಾಜನನ್ನು ನೆಗೆಸಿಬಿಡುತ್ತಿದ್ದರು.

ನನ್ನ ಜೊತೆ ಅವರು ಆಡುತ್ತಿದ್ದದ್ದು ಈಗಿನ ನಿಯಮದಂತೆಯೇ. ಆದರೆ ಕಟ್ಟು ಮಾತ್ರ ದಾದಾನದು. ಕರಿ ಕಾಲಾಳುಗಳನ್ನು ಒಂದೊಂದೇ ಮನೆ ಮುಂದೆ ಇಟ್ಟು, ಹಿಂದೆ ಕುದುರೆ ಒಂಟೆಗಳನ್ನು ಮುದುರಿಸಿಕೊಂಡು ಕಾಯುವರು. ನಡುವಿನ ಮೈದಾನವೆಲ್ಲ ನನ್ನದೇ ಎಂದು ನಾನು ನುಗ್ಗಿಹೋಗುವುದು, ಅವರು ಎಲ್ಲಿಂದಲೋ ಎದ್ದು ಬಂದು ಹೊಡೆಯುವುದು. ಪ್ರತಿ ವಾರ ಇದೇ ಕಥೆ.

"ಎರಡು ಮನೆ ಓಡಿದ ಸಿಪಾಯಿ ಹಿಂದೆ ತಿರುಗಿ ನೋಡಿದ್ರೆ ಯಾರೂ ಇರಲ್ಲ ನೋಡ್ರಿ," ಎಂದು ನನ್ನ ಕಾಲಾಳನ್ನು ಎತ್ತಿ ಪಕ್ಕಕ್ಕಿಡುವರು. ಪಕ್ಕದ ಸೈಕಲ್ ಅಂಗಡಿಯವನು ಬಾಗಿಲಲ್ಲಿ ಇಣುಕಿ, "ಇವತ್ತೂ ಫಿಟರ್ರನ್ನ ಗಾದಿ ಮ್ಯಾಲೆ ಮಲಗಿಸಿದ್ರೇನು?" ಎಂದು ಕೇಳುವನು. ಎಲ್ಲರೂ ನಗುವರು, ನಾನೂ ನಗುತ್ತಿದ್ದೆ. ಮನೆಗೆ ಹೋದರೆ ಊಟ ಸೇರುತ್ತಿರಲಿಲ್ಲ.

ಅವರ ಕಟ್ಟನ್ನು ಮುರಿಯುವಂಥ ಮೊದಲ ನಡೆಗಳನ್ನು, ಅಂದರೆ ಓಪನಿಂಗ್, ಹುಡುಕಿ ಮೊಬೈಲಿನಲ್ಲಿ ಎಷ್ಟೋ ವಿಡಿಯೊ ನೋಡಿದೆ. ಇಂಥ ಆಟ ಆಡುವವರೇ ಕಡಿಮೆಯಾದ್ದರಿಂದ ಹೇಳಿಕೊಡುವವರೂ ಕಡಿಮೆ. ಒಬ್ಬನು ಮಾತ್ರ ಇದಕ್ಕೆ ನೀರಾನೆ ಡಿಫೆನ್ಸ್ ಎಂಬ ಹೆಸರಿದೆ ಎಂದ. ಅದನ್ನು ಹೇಳಿದಾಗ ಅವರು ದಬ್ಬಣ ಕೆಳಗಿಟ್ಟು ನಕ್ಕರು.

"ನಮ್ಮ ತುಂಗಭದ್ರೆಯಾಗೆ ಎಲ್ಲೈತ್ರಿ ನೀರಾನೆ? ದಾದಾ ಎಮ್ಮೆ ತೊಳೆಯೋವಾಗ ಕಲಿಸಿದ್ದು. ಬೇಕಾದ್ರೆ ಎಮ್ಮೆ ಡಿಫೆನ್ಸ್ ಅನ್ರಿ."

ಅವರಿಗೆ ಇದ್ದದ್ದು ಒಂದೇ ಆಸೆ. ದಾವಣಗೆರೆಯ ಕ್ಲಬ್ಬೊಂದರಲ್ಲಿ ಹಿಂದೊಮ್ಮೆ ಆಡಲು ಹೋದಾಗ ಯಾರೋ "ಹಳ್ಳಿ ಆಟ" ಎಂದು ಅಂದಿದ್ದರಂತೆ. "ದಾದಾನ ಕಟ್ಟು ಈಗಿನ ಆಟದಾಗೂ ನಿಲ್ತೈತೆ ಅಂತ ಅವರ ಮುಂದೆ ಒಂದ್ಸಲ ತೋರಿಸ್ಬೇಕು. ಆಮೇಲೆ ಬಹುಮಾನ ಯಾರಾದ್ರೂ ಒಯ್ಲಿ," ಎನ್ನುತ್ತಿದ್ದರು. ಅದೇ ಕ್ಲಬ್ಬಿನಲ್ಲಿ ಹಿರಿಯರಿಗಾಗಿ ಪಂದ್ಯ ಇಟ್ಟಾಗ ಇಬ್ಬರೂ ಹೆಸರು ಕೊಟ್ಟೆವು.

ಪಂದ್ಯಕ್ಕೆ ಮೊದಲಿನ ಭಾನುವಾರ ಅವರ ಹೆಂಡತಿ, ನಾನು ಭಾಬಿ ಎಂದು ಕರೆಯುವವರು, ಚಹಾ ತಂದರು. ಅಂಗಡಿಯ ಹಿಂದೆಯೇ ಮನೆ. ಗಾದಿಯವರು ಗಿರಾಕಿಯ ಜೊತೆ ಹೊರಗೆ ನಿಂತಿದ್ದರು. ಗಂಡಹೆಂಡತಿ ಸಂಜೆಗೆ ಒಂದಾಟ ಆಡುತ್ತಾರೆ, ಅದೂ ದಾದಾನ ಹಳೆಯ ನಿಯಮದಲ್ಲಿ, ಎಂದು ನನಗೆ ಗೊತ್ತಿತ್ತು.

"ನಿನ್ನೆ ನಾನೇ ಗೆದ್ದೆ ಅಣ್ಣಾರೆ," ಎಂದರು ಭಾಬಿ. "ಒಂಟೆ ಹಿಂಗೆ ಓರೆಗೆ ತಂದು ಚೆಕ್ ಕೊಡ್ತೀನಿ ಅಂತ ಬರೀ ಹೆದರಿಸಿದ್ರೆ ಸಾಕು, ಯೋಚನೇನೇ ಮಾಡಲ್ಲ, ರಾಜನ್ನ ನೆಗೆಸಿಬಿಡ್ತಾರೆ. ಕೈ ತಾನಾಗೇ ಹೋಗ್ತೈತೆ. ನೀವು ಇದ್ದಾಗ ಮಾತ್ರ ಶಾಣ್ಯಾರು!"

ನಾನು ನಕ್ಕೆ. ಚಹಾ ಕುಡಿದು ಮುಗಿಸುವಷ್ಟರಲ್ಲಿ ನನ್ನ ಓಪನಿಂಗ್ ಸಿಕ್ಕಿತ್ತು.

ಕೊನೆಯ ಆಟಕ್ಕೆ ಉಳಿದವರು ನಾವಿಬ್ಬರೇ. ಅಲ್ಲಿಯವರೆಗೂ ಅವರ ಕಟ್ಟು ಯಾರಿಗೂ ಮುರಿಯಲಾಗಿರಲಿಲ್ಲ, ಜನ ಅವರ ಮೇಜಿನ ಸುತ್ತ ನಿಲ್ಲತೊಡಗಿದ್ದರು. ಭಾಬಿ ಹಸಿರು ದುಪ್ಪಟ್ಟಾ ಹೊದ್ದು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದರು. ಬಿಳಿ ಕಾಯಿ ನನಗೇ ಬಂತು. ಮಂತ್ರಿಯನ್ನೂ ಒಂಟೆಯನ್ನೂ ಬೇಗ ಹೊರಗೆ ಎಳೆಯುವ, ಚಿಕ್ಕ ಮಕ್ಕಳು ಆಡುವಂಥ ಓಪನಿಂಗ್ ಆಡಿದೆ. ಅವರ ಕಟ್ಟಿನ ಮುಂದೆ ಅದಕ್ಕೆ ಯಾವ ಬಲವೂ ಇಲ್ಲ. ಅದು ಆ ಕಟ್ಟಿಗೆಂದು ಆರಿಸಿದ್ದಲ್ಲ, ಆ ಕೈಗೆಂದು ಆರಿಸಿದ್ದು. ಅವರು ಹುಬ್ಬಿನ ಎಳೆ ಕಿತ್ತು ಊದುತ್ತ, ಒಂದೊಂದೇ ಮನೆ ಕಾಲಾಳು ಇಡುತ್ತ ಹೋದರು. ಪಕ್ಕದಲ್ಲಿ ಗಡಿಯಾರ ಓಡುತ್ತಿತ್ತು, ಅವರಿಗೆ ಅದರ ರೂಢಿ ಇರಲಿಲ್ಲ. ನಾನು ಒಂಟೆಯನ್ನು ಇನ್ನೊಂದೇ ನಡೆಗೆ ಚೆಕ್ ಕೊಡುವ ಗೆರೆಗೆ ತಂದು, ಬೇಕೆಂದೇ ಕಾಯಿಯನ್ನು ಠಕ್ಕೆಂದು ಇಟ್ಟೆ.

ಅವರ ಕೈ ಎದ್ದಿತು. ರಾಜ ಕುದುರೆಯಂತೆ ನೆಗೆದು ಓರೆಯ ಮನೆಯಲ್ಲಿ ಕುಳಿತ.

ಅಂಗಡಿಯಲ್ಲಾಗಿದ್ದರೆ "ಭಾಯ್" ಎಂದಿದ್ದರೆ ಸಾಕಿತ್ತು, ನಕ್ಕು ವಾಪಸ್ ಇಡುತ್ತಿದ್ದರು. ನಾನು ಕೈಯೆತ್ತಿ ತೀರ್ಪುಗಾರರನ್ನು ಕರೆದೆ. ಈಗಿನ ಆಟದಲ್ಲಿ ರಾಜ ನೆಗೆಯುವಂತಿಲ್ಲ, ಆದರೂ ಮುಟ್ಟಿದ ಕಾಯಿಯನ್ನೇ ಆಡಬೇಕೆಂಬುದು ನಿಯಮ. ರಾಜನಿಗೆ ಕೋಟೆಯೂ ತಪ್ಪಿತು, ಬಯಲಿಗೆ ಬಂದು ನಿಲ್ಲಬೇಕಾಯಿತು. ಹಿಂದಿನಿಂದ ಯಾರೋ "ರಾಜನ್ನೇ ಕುದುರೆ ಮಾಡ್ಯಾರಲ್ಲೋ! ಹಳ್ಳಿ ಆಟ!" ಎಂದರು. ನಗು ಎದ್ದಿತು. ಗಾದಿಯವರು ತೀರ್ಪುಗಾರರಿಗೆ "ತಪ್ಪು ನಂದೇ ರೀ," ಎಂದಷ್ಟೇ ಹೇಳಿ ಆಟ ಮುಂದುವರಿಸಿ ಸೋತರು. ಎದ್ದು ನನ್ನ ಕೈ ಕುಲುಕಿದರು.

ಹರಿಹರಕ್ಕೆ ಒಂದೇ ಬಸ್ಸಿನಲ್ಲಿ ಬಂದೆವು. "ಕೂಡ್ರಿ ಫಿಟರ್ರೆ, ಜಾಗ ಐತೆ," ಎಂದು ಅವರೇ ಸರಿದು ಕರೆದರು. ಕಿಟಕಿಯ ಪಕ್ಕದಲ್ಲಿದ್ದ ಭಾಬಿ ಬಹಳ ಹೊತ್ತು ಹೊರಗೆ ನೋಡುತ್ತಿದ್ದವರು, ನನ್ನ ಕಡೆ ತಿರುಗಿ ಕೇಳಿದರು: "ಅಣ್ಣಾರೆ, ಆ ಆಟ ನಿಮಗೆ ಯಾರು ಹೇಳಿಕೊಟ್ರು?"

"ಮೊಬೈಲ್‌ನಾಗೆ ನೋಡಿದ್ದೆ ಭಾಬಿ," ಎಂದೆ.

ಅವರು ಮತ್ತೆ ಕಿಟಕಿಯ ಕಡೆ ತಿರುಗಿದರು.

ಭಾನುವಾರದ ಆಟ ನಡೆದೇ ಇತ್ತು, ಅವರು ಗೆಲ್ಲುತ್ತಲೇ ಇದ್ದರು. ದಾವಣಗೆರೆಗೆ ಮತ್ತೆ ಆಡಲು ಹೋಗಲಿಲ್ಲ. ಹೋದ ವರ್ಷ ಉಸಿರಾಟ ಕೆಟ್ಟು ಹಾಸಿಗೆ ಹಿಡಿದರು. ಅವರೇ ಹೊಲಿದ ಗಾದಿಯ ಮೇಲೆ ದಿಂಬಿಗೆ ಒರಗಿ ಕುಳಿತಿದ್ದಾಗ ಒಂದು ದಿನ ಎಲ್ಲ ಹೇಳಿದೆ. ಕೇಳಿಸಿಕೊಂಡು ಕೆಮ್ಮಿದರು, ನಕ್ಕರು.

"ಗೊತ್ತೈತೆ ಬಿಡ್ರಿ. ಅವತ್ತು ಬಸ್‌ನಾಗೆ ನನ್ನ ಟಿಕೆಟ್ಟೂ ನೀವೇ ತಗಂಡ್ರಲ್ಲ, ಆಗಲೇ ಗೊತ್ತಾತು. ಯಾವತ್ತು ತಗಂಡೋರು ನೀವು!"

"ಭಾಯ್, ತಪ್ಪಾತು."

"ನನಗ್ಯಾಕ ಹೇಳ್ತೀರಿ? ಕೈ ನಂದು, ನೆಗೆಸಿದ್ದು ನಾನು." ಆಮೇಲೆ ದನಿ ತಗ್ಗಿಸಿ ಅಡುಗೆಮನೆಯ ಕಡೆ ಗದ್ದ ತೋರಿಸಿದರು. "ಅಕಿಗೆ ಹೇಳ್ರಿ. ಅವತ್ತಿನಿಂದ ನನ್ನ ಜೊತೆ ಒಂದಾಟ ಆಡಿಲ್ಲ. ಹಾಸು ಹಾಕು ಅಂದ್ರೆ ಬ್ಯಾಡ ಅಂತಾಳೆ. 'ನನ್ನ ಬಾಯಿಂದ ನೀವು ನಗೆಪಾಟಲಾದ್ರಿ' ಅಂತ ನನ್ನ ಮುಂದೆ ಕಣ್ಣೀರು ತೆಗೀತಾಳೆ. ನಾನು ಸಮಾಧಾನ ಹೇಳಿದ್ರೆ ನಂಬಲ್ಲ. ಮಾಡಿದೋರು ನೀವು, ನೀವು ಹೇಳಿದ್ರೆ ನಂಬ್ತಾಳೆ. ಇನ್ನೊಂದಾಟ ಆಡ್ಬೇಕು ಅಂತ ಐತ್ರಿ ನನಗೆ."

ಆಗಲಿ ಎಂದೆ. ಭಾಬಿ ಚಹಾ ತಂದರು. ಸಕ್ಕರೆ ಸಾಕೇ ಎಂದು ಕೇಳಿದರು. ಸಾಕು ಎಂದೆ. ಕುಡಿದು ಎದ್ದು ಬಂದೆ. ಗಾದಿಯವರು ನನ್ನನ್ನೇ ನೋಡುತ್ತಿದ್ದರು. ನಾಳೆ ಹೇಳಿದರಾಯಿತು ಎಂದುಕೊಂಡೆ. ಹಾಗೇ ದಿನ ಹೋದವು. ಆ ಆಟ ಆಡದೆಯೇ ಅವರು ತೀರಿಕೊಂಡರು.

ಈಗ ಅಂಗಡಿಯಲ್ಲಿ ಭಾಬಿಯೇ ಕುಳಿತು ಗಾದಿಯ ಬಾಯಿ ಹೊಲಿಯುತ್ತಾರೆ. ಆ ದಾರಿಯಲ್ಲಿ ಹೋದರೆ "ಬರ್ರಿ ಅಣ್ಣಾರೆ, ಚಾ ಕುಡೀರಿ," ಎಂದು ಕರೆಯುತ್ತಾರೆ. ಕುಳಿತು ಹತ್ತಿಯ ದರ ಮಾತಾಡಿ ಎದ್ದು ಬರುತ್ತೇನೆ. ಅವರ ಹುಬ್ಬಿನಲ್ಲೂ ಈಗ ಹತ್ತಿ. ತನ್ನ ಮಾತಿನಿಂದಲೇ ಗಂಡ ನಾಲ್ಕು ಜನರ ಮುಂದೆ ತಲೆ ತಗ್ಗಿಸಬೇಕಾಯಿತು ಎಂದೇ ಅವರು ಇಂದಿಗೂ ತಿಳಿದಿದ್ದಾರೆ.

ಗಾದಿಯವರ ಹತ್ತಿರ ತಪ್ಪೊಪ್ಪಿಕೊಂಡೆ. ಅದು ಸುಲಭವಿತ್ತು, ಅವರು ನಗುತ್ತಾರೆಂದು ಗೊತ್ತಿತ್ತು. ನಾನು ಕ್ಷಮೆ ಕೇಳಬೇಕಾಗಿದ್ದು, ಇವತ್ತಿಗೂ ಕೇಳದೆ ಇರುವುದು, ಹಸೀನಾ ಭಾಬಿಯನ್ನು.